ಇಪ್ಪತ್ತು ಮೀಟರಿಗೆ ನಾಟುವ ಬಾಣ ಐವತ್ತಕ್ಕೆ ಚದುರುವುದೇಕೆ?

"ಮಾವ, ಇಪ್ಪತ್ತರಲ್ಲಿ ಆರಕ್ಕೆ ಆರೂ ಸಮ ಬೀಳ್ತದೆ. ಐವತ್ತಕ್ಕೆ ಹೋದ್ರೆ ಒಂದು ಮೇಲೆ, ಒಂದು ನೆಲಕ್ಕೆ. ಎಂತ ಆಗ್ತಾ ಉಂಟೂಂತಲೇ ಗೊತ್ತಾಗುದಿಲ್ಲ."

ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನಾವು ಅಭ್ಯಾಸ ಮಾಡುವ ಪದವಿನಲ್ಲಿ (ಮುರಕಲ್ಲಿನ ಬಯಲಿನಲ್ಲಿ), ಬಿದಿರಿನ ಬಿಲ್ಲು ಹಿಡಿದು ನಿಂತಿದ್ದ ನೆರೆಮನೆಯ ಹುಡುಗ ಹೇಳಿದ ಮಾತು ಇದು. ಮನೆಯಲ್ಲಿ ಅವನಿಗೆ ಸಿಕ್ಕಿದ್ದ ಉತ್ತರ, "ನಿನಗೆ ಏಕಾಗ್ರತೆ ಸಾಲದು". ಹಕ್ಕಿಯ ಕಣ್ಣು ಮಾತ್ರ ಕಂಡ ಅರ್ಜುನನ ಕಥೆಯನ್ನೂ ಹೇಳಿ ಕಳಿಸಿದ್ದರು. ಆ ಕಥೆಯ ಮೇಲೆ ನನಗೆ ಗೌರವ ಇದೆ. ಆದರೆ ಇಪ್ಪತ್ತು ಮೀಟರಿನಲ್ಲಿ ಮನಸ್ಸು ನಿಲ್ಲುವ ಹುಡುಗನಿಗೆ ಮೂವತ್ತು ಹೆಜ್ಜೆ ಹಿಂದೆ ಹೋದ ಕೂಡಲೇ ಮನಸ್ಸು ಓಡಿಹೋಗುತ್ತದೆ ಎಂದು ನಂಬುವುದು ಕಷ್ಟ. ನಾನು ಕಂಡಂತೆ ಏಕಾಗ್ರತೆಯನ್ನು ದೂರಬೇಕಾದದ್ದು ಕೊನೆಯಲ್ಲಿ, ಉಳಿದದ್ದನ್ನೆಲ್ಲ ನೋಡಿ ಮುಗಿಸಿದ ಮೇಲೆ. ದೂರ ಹೊಸ ತಪ್ಪನ್ನು ಹುಟ್ಟಿಸುವುದು ಅಪರೂಪ. ಹತ್ತಿರದಲ್ಲಿ ಕಣ್ಣಿಗೆ ಬೀಳದೆ ಇದ್ದ ತಪ್ಪನ್ನು ಅದು ಹಿಗ್ಗಿಸಿ ತೋರಿಸುತ್ತದೆ. ಎಲ್ಲ ತಪ್ಪುಗಳೂ ಒಂದೇ ಲೆಕ್ಕದಲ್ಲಿ ಹಿಗ್ಗುವುದಿಲ್ಲ ಎನ್ನುವುದೇ ನಮಗೆ ಸಿಗುವ ಸುಳಿವು.

ಇಲ್ಲಿ ಬರೆದದ್ದು ಸೈಟ್ (ಗುರಿ ಹಿಡಿಯುವ ಸಾಧನ), ಸ್ಟೆಬಿಲೈಸರ್ (ಬಿಲ್ಲು ಅಲುಗದಂತೆ ತಡೆಯುವ ಕೋಲು) ಇಲ್ಲದ ಬಿದಿರಿನ ಅಥವಾ ಮರದ ಬಿಲ್ಲಿಗೆ, ಬಲಗೈಯಲ್ಲಿ ಹೆದೆ ಎಳೆಯುವವರಿಗೆ. ಎಡಗೈಯವರು ಎಡಬಲವನ್ನು ಅದಲುಬದಲು ಮಾಡಿಕೊಳ್ಳಬೇಕು. ನಮ್ಮ ದೇಶದ ಸ್ಪರ್ಧೆಗಳಲ್ಲಿ ಬಿದಿರಿನ ಬಿಲ್ಲಿಗೆಂದೇ ಇರುವ ಇಂಡಿಯನ್ ರೌಂಡಿನಲ್ಲಿ 30 ಮತ್ತು 50 ಮೀಟರ್ ದೂರಗಳಿರುವುದರಿಂದ ಐವತ್ತನ್ನೇ ಮುಂದಿಟ್ಟುಕೊಂಡಿದ್ದೇನೆ.

ಬಾಣ ಹೂಡುವ ಮೊದಲು

ದೂರವನ್ನು ಟೇಪ್ ಹಿಡಿದು ಅಳೆಯಿರಿ. ಹೆಜ್ಜೆ ಲೆಕ್ಕ ಬೇಡ, ಹುರಿಹಗ್ಗವೂ ಬೇಡ, ಅದು ಎಳೆದಷ್ಟು ಉದ್ದವಾಗುತ್ತದೆ. ಐವತ್ತು ಮೀಟರ್ ತಲುಪುವ ಹೊತ್ತಿಗೆ ನಮ್ಮ ಬಿಲ್ಲುಗಳ ಬಾಣ ಸುಮಾರು 7 ಡಿಗ್ರಿ ಓರೆಯಲ್ಲಿ ಕೆಳಗಿಳಿಯುತ್ತಿರುತ್ತದೆ. ನೀವು 50 ಎಂದುಕೊಂಡದ್ದು ನಿಜವಾಗಿ 52 ಆಗಿದ್ದರೆ ಅಷ್ಟಕ್ಕೇ ಬಾಣ ಸುಮಾರು 25 ಸೆ.ಮೀ. ಕೆಳಗೆ ಬೀಳುತ್ತದೆ. ಇವತ್ತೊಂದು ಕಡೆ, ನಾಳೆ ಇನ್ನೊಂದು ಕಡೆ ನಿಂತು ಬಿಲ್ಲನ್ನು ಬೈದರೆ ಪ್ರಯೋಜನವಿಲ್ಲ. ನಿಲ್ಲುವ ಜಾಗಕ್ಕೆ ಮುರಕಲ್ಲಿನ ಒಂದು ಚೂರು ಹುಗಿದುಬಿಡಿ.

ಬಿಲ್ಲಿನ ಹೊಟ್ಟೆ, ಬೆನ್ನು ಎರಡನ್ನೂ ಉಗುರಿನಿಂದ ಸವರಿ ಸೀಳು ಇದೆಯೇ ನೋಡಿ. ಪ್ರತಿ ಬಾಣವನ್ನೂ ಕಿವಿಯ ಹತ್ತಿರ ಹಿಡಿದು ಸ್ವಲ್ಪ ಬಾಗಿಸಿ. ಟಿಕ್ ಎಂದರೆ ಆ ಬಾಣವನ್ನು ಮುರಿದು ಒಲೆಗೆ ಹಾಕಿ, "ಅಭ್ಯಾಸಕ್ಕೆ ಸಾಕು" ಎಂದು ಇಟ್ಟುಕೊಳ್ಳಬೇಡಿ. ಬಿಡುವಾಗ ಒಡೆದ ಬಿದಿರು ಎಡಗೈಯ ಒಳಗೇ ಹೋಗುತ್ತದೆ. ಗುರಿಯ ಹಿಂದೆ ಮಣ್ಣಿನ ದಿಬ್ಬ ಇಲ್ಲದ ಜಾಗದಲ್ಲಿ ಐವತ್ತು ಮೀಟರ್ ಬಿಡಲೇಬೇಡಿ. ಎತ್ತರಕ್ಕೆ ತಪ್ಪಿ ಹೋದ ಬಾಣ 150 ಮೀಟರ್ ದಾಟಿಯೂ ಹೋದೀತು, ನಮ್ಮ ಕಡೆ ಅಷ್ಟು ದೂರದಲ್ಲಿ ಯಾರದ್ದಾದರೂ ಅಡಿಕೆ ತೋಟ, ಅದರಲ್ಲಿ ಕೆಲಸದವರು ಇದ್ದೇ ಇರುತ್ತಾರೆ.

ಎರಡು ದೂರದ ಪರೀಕ್ಷೆ

ಬಾಣಗಳಿಗೆ 1ರಿಂದ 6ರವರೆಗೆ ಸಂಖ್ಯೆ ಬರೆಯಿರಿ. 20 ಮೀಟರಿನಿಂದ ಆರಾರರಂತೆ ಐದು ಸುತ್ತು ಬಿಡಿ. ಪ್ರತಿ ಸುತ್ತಿನಲ್ಲೂ ಅತಿ ಮೇಲಿನ ಬಾಣಕ್ಕೂ ಅತಿ ಕೆಳಗಿನ ಬಾಣಕ್ಕೂ ನಡುವಿನ ಅಂತರ, ಹಾಗೆಯೇ ಎಡತುದಿಗೂ ಬಲತುದಿಗೂ ನಡುವಿನ ಅಂತರ ಅಳೆದು ಬರೆದಿಡಿ. ಯಾವ ಸಂಖ್ಯೆಯ ಬಾಣ ಎಲ್ಲಿ ಬಿತ್ತು ಎಂಬುದನ್ನೂ ಬರೆಯಿರಿ. ಅದೇ ದಿನ ಅದೇ ಬಿಲ್ಲು, ಅದೇ ಬಾಣಗಳಲ್ಲಿ 50 ಮೀಟರಿನಿಂದಲೂ ಹೀಗೆಯೇ ಮಾಡಿ, ಐದು ಸುತ್ತುಗಳ ಸರಾಸರಿ ತೆಗೆಯಿರಿ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಗುಂಪು ಇಡಿಯಾಗಿ ಸರಿದಿದೆಯೋ, ಇಲ್ಲ ಒಡೆದುಹೋಗಿದೆಯೋ? ಆರೂ ಬಾಣ ಒಟ್ಟಿಗೇ ಇದ್ದು, ಆದರೆ ಗುರಿಯ ಒಂದು ಮೊಳ ಕೆಳಗಿದ್ದರೆ ನಿಮ್ಮ ಕೈ ಸರಿಯಾಗಿದೆ. ಗುರಿ ಹಿಡಿಯುವ ಜಾಗ ಬದಲಾಗಬೇಕು, ಅಷ್ಟೇ. ಬಾಣಗಳು ಚದುರಿದ್ದರೆ ಮುಂದೆ ಓದಿ.

ಲೆಕ್ಕ ಹೀಗೆ. ಬಾಣ ಸೆಕೆಂಡಿಗೆ 45 ಮೀಟರ್ ವೇಗದಲ್ಲಿ ಹೊರಡುತ್ತದೆ ಎನ್ನೋಣ, ಗಾಳಿಯ ತಡೆಯನ್ನು ಬದಿಗಿಡೋಣ. 20 ಮೀಟರ್ ಹೋಗಲು ಅದಕ್ಕೆ ಅರ್ಧ ಸೆಕೆಂಡಿಗಿಂತ ಕಡಿಮೆ ಸಾಕು, ಅಷ್ಟರಲ್ಲಿ ಭೂಮಿ ಅದನ್ನು ಸುಮಾರು 1 ಮೀಟರ್ ಕೆಳಕ್ಕೆ ಎಳೆದಿರುತ್ತದೆ. 50 ಮೀಟರಿಗೆ 1.1 ಸೆಕೆಂಡ್ ಬೇಕು, ಕುಸಿತ ಸುಮಾರು 6 ಮೀಟರ್. ದೂರ ಎರಡೂವರೆ ಪಟ್ಟಾದರೆ ಕುಸಿತ ಆರು ಪಟ್ಟು. ಒಂದು ಬಾಣದ ವೇಗ ಇನ್ನೊಂದಕ್ಕಿಂತ ಶೇ. 1ರಷ್ಟು ಕಡಿಮೆಯಾದರೆ 20ರಲ್ಲಿ ಅದು 2 ಸೆ.ಮೀ. ಕೆಳಗೆ ಹೋಗುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. 50ರಲ್ಲಿ ಅದೇ 12 ಸೆ.ಮೀ.

ಕೋನದ ತಪ್ಪು, ಅಂದರೆ ಬಾಣ ಹೊರಡುವ ದಿಕ್ಕಿನಲ್ಲೇ ಆಗುವ ತಪ್ಪು, ದೂರದಷ್ಟೇ ಬೆಳೆಯುತ್ತದೆ. ದೂರ ಎರಡೂವರೆ ಪಟ್ಟಾದರೆ ತಪ್ಪೂ ಎರಡೂವರೆ ಪಟ್ಟು.

ಈಗ ನಿಮ್ಮ ಪುಸ್ತಕ ತೆರೆಯಿರಿ. ಮೇಲೆ–ಕೆಳಗಿನ ಹರಡು 20ರಿಂದ 50ಕ್ಕೆ ಹೋಗುವಾಗ ಎರಡೂವರೆ ಪಟ್ಟಿನ ಆಸುಪಾಸಿನಲ್ಲಿ ಬೆಳೆದಿದ್ದರೆ ದೋಷ ಕೋನದ್ದು, ಆಂಕರಿನಲ್ಲಿ (ಪೂರ್ತಿ ಎಳೆದಾಗ ಹೆದೆಯ ಕೈ ಮುಖದ ಮೇಲೆ ನಿಲ್ಲುವ ಜಾಗ) ಅಥವಾ ಗುರಿ ಹಿಡಿಯುವುದರಲ್ಲಿ ಹುಡುಕಿ. ಆರು ಪಟ್ಟಿನ ಕಡೆಗೆ ಹೋಗಿದ್ದರೆ ವೇಗದಲ್ಲಿ ಹುಡುಕಿ. ನಡುವೆ ಎಲ್ಲೋ ನಿಂತಿದ್ದರೆ ಎರಡೂ ಸೇರಿಕೊಂಡಿವೆ, ಹೆಚ್ಚಿನವರದ್ದು ಹೀಗೇ ಇರುತ್ತದೆ. ನಮ್ಮ ಹುಡುಗನ ಅಡ್ಡ ಹರಡು 10ರಿಂದ 26 ಸೆ.ಮೀ.ಗೆ ಬೆಳೆದಿತ್ತು, ಅದು ನ್ಯಾಯವಾದದ್ದೇ. ಎತ್ತರದ ಹರಡು ಮಾತ್ರ 12ರಿಂದ 55ಕ್ಕೆ ಹಾರಿತ್ತು. ಅಲ್ಲಿಗೆ ನಾವು ಏಕಾಗ್ರತೆಯ ಮಾತು ಬಿಟ್ಟು ಅವನ ಬಲಗೈ ನೋಡಲು ಶುರುಮಾಡಿದೆವು.

ವೇಗ ಏಕೆ ಬದಲಾಗುತ್ತದೆ

ಮುಖ್ಯ ಕಾರಣ, ಹೆದೆಯನ್ನು ಪ್ರತಿ ಸಲ ಒಂದೇ ಉದ್ದಕ್ಕೆ ಎಳೆಯದಿರುವುದು. ಎಳೆತ ಒಂದು ಇಂಚು ಕಡಿಮೆಯಾದರೆ ಸಾಮಾನ್ಯ ಬಿಲ್ಲಿನಲ್ಲಿ 2ರಿಂದ 3 ಪೌಂಡ್ ಬಲ ಹೋಗುತ್ತದೆ, ವೇಗದಲ್ಲಿ ಸುಮಾರು ಶೇ. 5 ಇಳಿಯುತ್ತದೆ. ಒಂದು ಸೆಂಟಿಮೀಟರಿಗೆ ಶೇ. 2 ಎಂದು ಹಿಡಿಯಿರಿ. 20ರಲ್ಲಿ 4 ಸೆ.ಮೀ. ಆದದ್ದು 50ರಲ್ಲಿ 24 ಸೆ.ಮೀ. ಆಗುತ್ತದೆ. ಕೈ ಗಲ್ಲಕ್ಕೆ ಮುಟ್ಟಿದ ಮಾತ್ರಕ್ಕೆ ಎಳೆತ ಪೂರ್ತಿಯಾಯಿತು ಎಂದುಕೊಳ್ಳಬೇಡಿ. ಮುಟ್ಟಿದ ಮೇಲೆ, ಬಿಡುವ ಮೊದಲು, ಬೆನ್ನು ಸಡಿಲವಾಗಿ ಬಾಣ ಮುಂದಕ್ಕೆ ತೆವಳುವುದೇ ದೊಡ್ಡ ಕಳ್ಳ. ಎಳೆಯುವವನಿಗೆ ಅದು ತಿಳಿಯುವುದಿಲ್ಲ.

ಹಿಡಿಯುವ ಉಪಾಯ ಸುಲಭ. ಪೂರ್ತಿ ಎಳೆದಾಗ ಬಾಣ ಬಿಲ್ಲಿಗೆ ತಾಗುವ ಜಾಗದಲ್ಲಿ ಬಣ್ಣದ ಟೇಪ್ ಸುತ್ತಿ. ಇನ್ನೊಬ್ಬರು ಎಡಬದಿಯಲ್ಲಿ, ಬಿಲ್ಲಿಗಿಂತ ಒಂದು ಹೆಜ್ಜೆ ಹಿಂದೆ ನಿಂತು ಮೊಬೈಲಿನಲ್ಲಿ ಸ್ಲೋ ಮೋಷನ್ ತೆಗೆಯಲಿ, ಬಿಲ್ಲಿನ ಮುಂದಕ್ಕೆ ಮಾತ್ರ ಬರಬಾರದು. ಬಿಡುವ ಕ್ಷಣದಲ್ಲಿ ಟೇಪ್ ಎಲ್ಲಿತ್ತು ಎಂದು ಒಂದೊಂದೇ ಚಿತ್ರ ನಿಲ್ಲಿಸಿ ನೋಡಿ. ಹುಡುಗನ ಮೊದಲ ಮೂರು ಬಾಣಗಳಲ್ಲಿ ಟೇಪ್ ಇದ್ದಲ್ಲೇ ಇತ್ತು. ನಾಲ್ಕನೆಯದರಿಂದ ಮುಂದಕ್ಕೆ ಸರಿಯತೊಡಗಿ ಆರನೆಯದರಲ್ಲಿ ಒಂದೂವರೆ ಸೆಂಟಿಮೀಟರ್ ಆಗಿತ್ತು. ನೆಲಕ್ಕೆ ಬೀಳುತ್ತಿದ್ದವು ಅವೇ ಬಾಣಗಳು. ಅವನ ಕೈಯಲ್ಲಿದ್ದದ್ದು ಅಣ್ಣನ ಬಿಲ್ಲು, ಎಳೆಯಲು ಅವನ ಬೆನ್ನಿಗೆ ಭಾರ. 20ರಲ್ಲಿ ಅವನು ಬೇಗ ಬಿಡುತ್ತಿದ್ದ. 50ರಲ್ಲಿ ಗುರಿ ಚಿಕ್ಕದಾಗಿ ಕಂಡದ್ದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತಿದ್ದ, ಆ ಹೊತ್ತಿನಲ್ಲಿ ಬೆನ್ನು ಸೋಲುತ್ತಿತ್ತು. ಹೊರಗಿನಿಂದ ನೋಡುವವರಿಗೆ ಗಮನ ಚದುರಿದ ಹಾಗೇ ಕಾಣುತ್ತದೆ.

ಬಿಲ್ಲು ನಿಮಗೆ ಭಾರವೇ ಎಂದು ನೋಡಲು ಪೂರ್ತಿ ಎಳೆದು ಹತ್ತು ಸೆಕೆಂಡ್ ನಿಲ್ಲಿಸಿ, ಬಿಡದೆ ನಿಧಾನವಾಗಿ ಇಳಿಸಿ. ಸ್ವಲ್ಪ ವಿಶ್ರಾಂತಿ ಕೊಟ್ಟು ಆರು ಸಲ ಮಾಡಿ. ಬಾಣ ಹೂಡಿಯೇ ಮಾಡಿ, ಗುರಿಯ ಕಡೆಗೇ ನಿಂತು ಮಾಡಿ. ಬರಿ ಹೆದೆಯನ್ನು ಎಳೆದು ಬಿಟ್ಟರೆ ಬಿಲ್ಲು ಒಡೆಯುತ್ತದೆ. ಮೂರನೆಯ ಸಲಕ್ಕೇ ಕೈ ನಡುಗಿದರೆ 5 ಪೌಂಡ್ ಹಗುರದ ಬಿಲ್ಲಿಗೆ ಇಳಿಯಿರಿ. ಇದನ್ನು ಅವಮಾನ ಎಂದು ತಿಳಿಯುವವರು ನಮ್ಮಲ್ಲಿ ಬಹಳ. ಅವರಲ್ಲಿ ಎಷ್ಟೋ ಜನ ಭುಜದ ನೋವಿನಿಂದ ಬಿಲ್ಲನ್ನೇ ಬಿಟ್ಟದ್ದನ್ನು ನೋಡಿ ನನಗೆ ಬೇಸರವಾಗಿದೆ.

ಎರಡನೆಯ ಕಾರಣ ಬಾಣಗಳ ತೂಕ. ಸುಮಾರು 30 ಗ್ರಾಂ ತೂಗುವ ಬಾಣಗಳಲ್ಲಿ 1 ಗ್ರಾಂ ವ್ಯತ್ಯಾಸ ಇದ್ದರೆ 50 ಮೀಟರಿನಲ್ಲಿ ಸುಮಾರು 15 ಸೆ.ಮೀ. ಮೇಲೆ–ಕೆಳಗೆ ಆಗುತ್ತದೆ. ನಾನು ಒಮ್ಮೆ ಅಂಚೆಯಲ್ಲಿ ತರಿಸಿದ ಒಂದು ಡಜನ್ ಬಿದಿರಿನ ಬಾಣ ಇಟ್ಟುಕೊಂಡು, ಇಡೀ ಒಂದು ಮಳೆಗಾಲ ನನ್ನ ರಿಲೀಸನ್ನೇ (ಹೆದೆ ಬಿಡುವ ರೀತಿಯನ್ನೇ) ತಿದ್ದುತ್ತಾ ಕೂತಿದ್ದೆ. ಕೊನೆಗೆ ಚಿನ್ನ ತೂಗುವ ತಕ್ಕಡಿಯಲ್ಲಿ ಇಟ್ಟು ನೋಡಿದರೆ ಒಂದು 27 ಗ್ರಾಂ, ಇನ್ನೊಂದು 33. ನಾಲ್ಕು ತಿಂಗಳು ಇಲ್ಲದ ತಪ್ಪನ್ನು ತಿದ್ದಿದ್ದೆ, ಹಾಗೆ ತಿದ್ದುವಾಗ ನಿಜವಾದ ತಪ್ಪೊಂದನ್ನೂ ಕಲಿತಿದ್ದೆ. ಅಡುಗೆಮನೆಯ ತಕ್ಕಡಿ ಇದಕ್ಕೆ ಸಾಲದು, ಗ್ರಾಮಿನ ಹತ್ತನೆಯ ಒಂದು ಭಾಗ ತೋರಿಸುವಂಥದ್ದು ಬೇಕು. ಸಂಖ್ಯೆ ಬರೆದ ಬಾಣಗಳ ಉಪಯೋಗವೂ ಇಲ್ಲೇ. 4ನೆಯ ಬಾಣ ಐದು ಸುತ್ತಿನಲ್ಲೂ ಒಂದೇ ಕಡೆ ತಪ್ಪಿದರೆ ತಪ್ಪು ನಿಮ್ಮದಲ್ಲ, ಬಾಣದ್ದು. ಸಂಖ್ಯೆ ಯಾವುದೇ ಇರಲಿ, ಪ್ರತಿ ಸುತ್ತಿನ ಕೊನೆಯ ಬಾಣವೇ ತಪ್ಪುತ್ತದೆ ಎಂದಾದರೆ ತಪ್ಪು ನಿಮ್ಮದು.

ಮೂರನೆಯದು ಹೆದೆ. ಹಿಡಿಯಿಂದ ಹೆದೆಗೆ ಎಷ್ಟು ಅಂತರ ಇದೆ ಎಂದು ದಿನವೂ ಅಳೆಯಿರಿ. ಬಿದಿರಿನ ನೇರ ಬಿಲ್ಲಿಗೆ ಸಾಮಾನ್ಯವಾಗಿ 15ರಿಂದ 18 ಸೆ.ಮೀ. ನಿಮ್ಮ ಬಿಲ್ಲು ಯಾವ ಅಳತೆಯಲ್ಲಿ ಸದ್ದು ಕಡಿಮೆ ಮಾಡುತ್ತದೋ ಅದನ್ನು ಬಿಲ್ಲಿನ ಮೇಲೇ ಬರೆದಿಡಿ. ಕಡಿಮೆಯಾಗಿದ್ದರೆ ಹೆದೆಗೆ ನಾಲ್ಕು ಸುತ್ತು ತಿರುಚು ಕೊಡಿ.

ನಮ್ಮ ಮಳೆಗಾಲದ್ದು ಬೇರೆಯೇ ಕಥೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಊರಿನಲ್ಲಿ ಬಿದಿರು ತೇವ ಹೀರದೆ ಇರುವುದಿಲ್ಲ. ಬಿಲ್ಲು ಮೆತ್ತಗಾಗುತ್ತದೆ, ಬಾಣ ಭಾರವಾಗುತ್ತದೆ, ನೆನೆದ ಗರಿ ಅಂಟಿಕೊಂಡು ಬಾಣವನ್ನು ನೇರ ಮಾಡುವ ಕೆಲಸವನ್ನೇ ಬಿಡುತ್ತದೆ. ಇದರಿಂದ ಗುಂಪು ಇಡಿಯಾಗಿ ಕೆಳಗಿಳಿಯುತ್ತದೆ. ಆಗ ಕೈಯನ್ನು ತಿದ್ದಬೇಡಿ. ಅಭ್ಯಾಸ ಮುಗಿದ ಕೂಡಲೇ ಹೆದೆ ಇಳಿಸಿ, ಬಿಲ್ಲನ್ನು ಗೋಡೆಗೆ ಒರಗಿಸದೆ ಅಡ್ಡಲಾಗಿ ಗೂಟದ ಮೇಲಿಡಿ, ಗರಿಗಳನ್ನು ಒಣಗಿಸಿ. ಅಷ್ಟು ಸಾಕು.

ಕೋನ ಏಕೆ ಬದಲಾಗುತ್ತದೆ

ಹೆದೆಯ ಕೈ ಮುಖದ ಮೇಲೆ ಅರ್ಧ ಸೆಂಟಿಮೀಟರ್ ಕೆಳಗೆ ನಿಂತರೆ ಬಾಣದ ಹಿಂಭಾಗ ಅಷ್ಟು ತಗ್ಗುತ್ತದೆ, ಬಾಣ ಸುಮಾರು 0.4 ಡಿಗ್ರಿ ಮೇಲೆ ನೋಡುತ್ತದೆ. 50 ಮೀಟರಿನಲ್ಲಿ 35 ಸೆ.ಮೀ. ಏರಿಕೆ. ಮೃದುವಾದ ಕೆನ್ನೆಗೆ ಕೈ ಒತ್ತಿ "ಇಲ್ಲೇ" ಎಂದರೆ ಆಗುವುದಿಲ್ಲ, ಮೂಳೆಗೋ ಹಲ್ಲಿಗೋ ತಾಗಬೇಕು. ತೋರುಬೆರಳಿನ ತುದಿ ಬಾಯಿಯ ಮೂಲೆಯ ಕೋರೆಹಲ್ಲಿಗೆ, ಹೆಬ್ಬೆರಳ ಗೆಣ್ಣು ದವಡೆಯ ಮೂಲೆಗೆ, ಹೀಗೆ ಎರಡು ಕಡೆ ತಾಗಿದರೆ ಕೈಗೆ ತಪ್ಪಲು ಜಾಗ ಇರುವುದಿಲ್ಲ. ಬಾಯಿ ತೆರೆಯಬೇಡಿ. ದವಡೆ ಇಳಿದರೆ ಆಂಕರೂ ಇಳಿಯಿತು. ದೂರದ ಗುರಿಗೆ ಹಲ್ಲು ಕಚ್ಚುವವರು ಹತ್ತಿರದ್ದಕ್ಕೂ ಹಲ್ಲು ಕಚ್ಚಿಯೇ ಬಿಡಬೇಕು.

ಬಾಣ ಹೂಡುವ ಜಾಗದಲ್ಲಿ ಹೆದೆಗೆ ನೂಲು ಸುತ್ತಿ ಗಂಟು ಮಾಡದವರಿಗೆ ಇದೇ ತಪ್ಪು ಇನ್ನೊಂದು ದಾರಿಯಲ್ಲಿ ಬರುತ್ತದೆ. ಆ ಗಂಟು ಎಷ್ಟು ಎತ್ತರದಲ್ಲಿರಬೇಕು ಎಂದು ತಿಳಿಯಲು, 20 ಮೀಟರಿನಲ್ಲಿ ಗರಿ ಇರುವ ಮೂರು ಬಾಣ, ಗರಿ ಕಿತ್ತ ಒಂದು ಬಾಣ ಬಿಟ್ಟು ನೋಡಿ. ಗರಿ ಇಲ್ಲದ್ದು ಉಳಿದವಕ್ಕಿಂತ ಮೇಲೆ ನಾಟಿದರೆ ಗಂಟು ತೀರ ಕೆಳಗಿದೆ, ಕೆಳಗೆ ನಾಟಿದರೆ ತೀರ ಮೇಲಿದೆ. ಒಂದು ಸಲಕ್ಕೆ ಒಂದೆರಡು ಮಿಲಿಮೀಟರ್ ಮಾತ್ರ ಸರಿಸಿ.

ಗರಿ ಇಲ್ಲದ ಅದೇ ಬಾಣ ಎಡಕ್ಕೆ ಹೋದರೆ ನಿಮ್ಮ ಬಾಣಗಳು ಬಿಲ್ಲಿಗೆ ಬಿರುಸಾದವು (ಸಾಕಷ್ಟು ಬಾಗದವು), ಬಲಕ್ಕೆ ಹೋದರೆ ಮೆತ್ತಗಿನವು. ಬಿರುಸಿನದಕ್ಕೆ ಭಾರದ ಮೊನೆ ಹಾಕಿ. ಮೆತ್ತಗಿನದಕ್ಕೆ ಹಗುರದ ಮೊನೆ, ಅಥವಾ ಉದ್ದ ಸ್ವಲ್ಪ ಕಡಿಮೆ ಮಾಡಿ, ಆದರೆ ಪೂರ್ತಿ ಎಳೆದಾಗ ಮೊನೆ ಬಿಲ್ಲಿನಿಂದ ಒಂದು ಇಂಚಾದರೂ ಮುಂದಿರಲೇಬೇಕು. ಬಿದಿರಿನ ಬಿಲ್ಲಿನಲ್ಲಿ ಬಾಣ ಹಿಡಿಯನ್ನು ಬಳಸಿಕೊಂಡು ಬಾಗಿ ಹೋಗುತ್ತದೆ. ಹಾಗಾಗಿ ಬಾಣ ಹಾಯಲು ನಡುವೆ ಕಿಟಕಿ ಕಡಿದ ಬಿಲ್ಲಿಗಿಂತ ಇದಕ್ಕೆ ಮೆತ್ತಗಿನ ಬಾಣ ಬೇಕು. ಬೇರೆಯವರ ಒಳ್ಳೆಯ ಬಾಣಗಳನ್ನು ಕೇಳಿ ತಂದು ಬಿಟ್ಟು ನಿರಾಶರಾಗುವವರಿಗೆ ಬಹಳ ಸಲ ಕಾರಣ ಇದೇ.

ಅಡ್ಡ ಹರಡು ಎರಡೂವರೆ ಪಟ್ಟಿಗಿಂತ ಹೆಚ್ಚು ಬೆಳೆದಿದ್ದರೆ ಮೊದಲು ಗಾಳಿ ನೋಡಿ. ಹತ್ತೂವರೆ, ಹನ್ನೊಂದರ ಹೊತ್ತಿಗೆ ಪಡುವಣದಿಂದ ಕಡಲಗಾಳಿ ಎದ್ದರೆ ಸಂಜೆಯವರೆಗೆ ಬಿಡುವಿಲ್ಲ. ಬಿಸಿಲಿಗೆ ಕಾದ ಮುರಕಲ್ಲಿನ ಮೇಲೆ ಗುರಿ ನೀರಿನಲ್ಲಿ ತೇಲಿದ ಹಾಗೆ ಕುಣಿಯುವುದೂ ಆಗಲೇ. ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಬಿಡಿ, ಗುರಿಯನ್ನು ಉತ್ತರಕ್ಕೆ ಇಡಿ, ಸೂರ್ಯ ಕಣ್ಣಿಗೆ ಹೊಡೆಯುವುದಿಲ್ಲ. ದೋಷ ಹುಡುಕುವ ದಿನವಂತೂ ಗಾಳಿಯಲ್ಲಿ ಬಿಡಲೇಬೇಡಿ.

ಗುರಿ ಕೈಯ ಹಿಂದೆ ಅಡಗಿದಾಗ

ಇದೊಂದು ನಿಜವಾಗಿಯೂ ದೂರದಿಂದಲೇ ಹುಟ್ಟುವ ತೊಂದರೆ. ಪ್ರತಿ ಬಿಲ್ಲಿಗೂ ಒಂದು ದೂರ ಇರುತ್ತದೆ. ಅಲ್ಲಿ ಮೊನೆಯನ್ನು ಗುರಿಯ ನಡುವೆಯೇ ಇಟ್ಟು ಬಿಟ್ಟರೆ ಬಾಣ ನಡುವೆಯೇ ನಾಟುತ್ತದೆ. ಅದಕ್ಕಿಂತ ಹತ್ತಿರದಲ್ಲಿ ಮೊನೆಯನ್ನು ಗುರಿಯ ಕೆಳಗೆ ಹಿಡಿಯಬೇಕು, ದೂರದಲ್ಲಿ ಮೇಲೆ. ಮೇಲೆ ಹಿಡಿದರೆ ಮುಷ್ಟಿಯೇ ಗುರಿಯನ್ನು ಮುಚ್ಚುತ್ತದೆ. ಕಾಣದ್ದರ ಮೇಲೆ ಕಣ್ಣು ನಿಲ್ಲಿಸುವುದು ಯಾರಿಗೂ ಆಗದು. ತಲೆ ಎತ್ತಿ ಇಣುಕುತ್ತೇವೆ, ಆಂಕರ್ ಬಿಡುತ್ತದೆ.

ಪರಿಹಾರ ಆಂಕರ್ ಬದಲಿಸುವುದರಲ್ಲಿದೆ. 45 ಮೀಟರ್ ವೇಗದ ಬಾಣ, ಮೊನೆ ಕಣ್ಣಿನಿಂದ ಸುಮಾರು 72 ಸೆ.ಮೀ. ಮುಂದೆ ಇದೆ ಎನ್ನೋಣ. ಬಾಣದ ಹಿಂತುದಿ ಕಣ್ಣಿನಿಂದ 7 ಸೆ.ಮೀ. ಕೆಳಗಿದ್ದರೆ ಈ ದೂರ ಸುಮಾರು 40 ಮೀಟರ್, 9 ಸೆ.ಮೀ. ಕೆಳಗಿದ್ದರೆ 50. ಎರಡು ಸೆಂಟಿಮೀಟರಿಗೆ ಹತ್ತು ಮೀಟರ್! ಮೂರೂ ಬೆರಳನ್ನು ಬಾಣದ ಕೆಳಗೆ ಇಟ್ಟು ಎಳೆಯುವವರಿಗೆ ಬಾಣ ಕಣ್ಣಿಗೆ ಹತ್ತಿರ ಇರುವುದರಿಂದ ಈ ದೂರ ಬೇಗ ಮುಗಿಯುತ್ತದೆ. ಒಂದು ಬೆರಳು ಮೇಲೆ, ಎರಡು ಕೆಳಗೆ ಹಿಡಿದು, ಕೈಯನ್ನು ದವಡೆಯ ಮೂಳೆಯ ಕೆಳಗೆ ತಂದರೆ ಗುರಿ ಮತ್ತೆ ಕಾಣಿಸುತ್ತದೆ. ಹೊಸ ಆಂಕರನ್ನು 50ರಲ್ಲಿ ಕಲಿಯಬೇಡಿ. ಮೂರು ಮೀಟರ್ ದೂರದಲ್ಲಿ ಬೈಹುಲ್ಲಿನ ಕಂತೆ ಇಟ್ಟು, ಗುರಿ ಏನೂ ಅಂಟಿಸದೆ, ಎರಡು ವಾರ ಕೈಗೆ ಕಲಿಸಿ.

ಕೊನೆಗೆ ಮನಸ್ಸು

ಇಷ್ಟೆಲ್ಲ ನೋಡಿದ ಮೇಲೂ ಚದುರುತ್ತಿದ್ದರೆ ಈಗ ಏಕಾಗ್ರತೆಯ ವಿಚಾರಣೆ ಮಾಡಬಹುದು. ಅದಕ್ಕೂ ಪರೀಕ್ಷೆ ಇದೆ. ಬಾಣ ಬಿಟ್ಟ ಕೂಡಲೇ, ಅದು ಎಲ್ಲಿ ನಾಟಿತು ಎಂದು ನೋಡುವ ಮೊದಲು, ಎಲ್ಲಿಗೆ ಹೋಗಿರಬಹುದು ಎಂದು ಬಾಯಿಬಿಟ್ಟು ಹೇಳಿ: "ಎಡಕ್ಕೆ, ಸ್ವಲ್ಪ ಕೆಳಗೆ." ಇನ್ನೊಬ್ಬರು ಬರೆದುಕೊಳ್ಳಲಿ, ಆಮೇಲೆ ಹೋಗಿ ತಾಳೆ ನೋಡಿ. ತಪ್ಪಿದ ಬಾಣವನ್ನೂ ಸರಿಯಾಗಿ ಹೇಳಬಲ್ಲವನ ಗಮನದಲ್ಲಿ ಕೊರತೆ ಇಲ್ಲ, ಅವನಿಗೆ ತನ್ನ ಮೈ ಏನು ಮಾಡಿತೆಂದು ಗೊತ್ತಿದೆ. ಹೇಳಿದ್ದೂ ಬಿದ್ದದ್ದೂ ತಾಳೆಯಾಗದಿದ್ದರೆ ಬಿಡುವ ಕ್ಷಣದಲ್ಲಿ ಅವನು ಅಲ್ಲಿರಲಿಲ್ಲ. ಹೆಚ್ಚಾಗಿ ಕಣ್ಣು ಬಾಣದ ಹಿಂದೆ ಓಡಿರುತ್ತದೆ, ಬಿಲ್ಲಿನ ಕೈ ಕೆಳಗೆ ಬಿದ್ದಿರುತ್ತದೆ. ಕಣ್ಣನ್ನು ಗುರಿಯ ಒಂದು ಚುಕ್ಕೆಯ ಮೇಲಿಟ್ಟು, ಬಾಣ ನಾಟಿದ ಸದ್ದು ಕೇಳುವವರೆಗೆ ತೆಗೆಯದಿರಿ. ಇಡೀ ವೃತ್ತವನ್ನು ನೋಡಬೇಡಿ, ಕಾಗದದ ಒಂದು ತೂತು ಆರಿಸಿಕೊಳ್ಳಿ.

ಮೊನೆ ಗುರಿಗೆ ಬಂದ ಕೂಡಲೇ ಬೆರಳು ತಾನಾಗಿ ಬಿಟ್ಟುಬಿಡುವುದು ಬೇರೆ ಕಾಯಿಲೆ. ಪೂರ್ತಿ ಎಳೆದು, ಮೊನೆಯನ್ನು ಗುರಿಯ ಮೇಲಿಟ್ಟು, ಬಿಡದೆ ಇಳಿಸಲು ಆಗುತ್ತದೆಯೇ ನೋಡಿ. ಆಗದಿದ್ದರೆ ದೂರವನ್ನು ಮರೆತುಬಿಡಿ. ದಿನಕ್ಕೆ ಇಪ್ಪತ್ತು ಸಲ ಹೀಗೆ ಎಳೆದು ಇಳಿಸುವುದು, ಹತ್ತು ಬಾಣ ಮಾತ್ರ ಬಿಡುವುದು, ಅದೂ ಹತ್ತಿರದಿಂದ. ತಿಂಗಳುಗಟ್ಟಲೆ ಹಿಡಿದೀತು. ಮನೆಯವರು ತಾಳ್ಮೆಯಿಂದಿರಬೇಕು, ಬೈದರೆ ಹೆಚ್ಚಾಗುವ ತೊಂದರೆ ಇದು.

ನಮ್ಮ ಹುಡುಗನಿಗೆ ಹಗುರದ ಬಿಲ್ಲು ಸಿಕ್ಕಿದೆ. ಎತ್ತರದ ಹರಡು 55ರಿಂದ 34 ಸೆ.ಮೀ.ಗೆ ಇಳಿದಿದೆ. ಕಳೆದ ಭಾನುವಾರ ಬಿಟ್ಟ ಹತ್ತು ಬಾಣಗಳಲ್ಲಿ ಏಳು ಎಲ್ಲಿ ನಾಟಿದವೆಂದು ನೋಡುವ ಮೊದಲೇ ಸರಿಯಾಗಿ ಹೇಳಿದ. ತಪ್ಪು ಹೇಳಿದ ಮೂರರಲ್ಲಿ ಎರಡು 5ನೆಯ ಸಂಖ್ಯೆಯ ಬಾಣವೇ ಆಗಿದ್ದವು. ಅದನ್ನು ಬೇರೆ ಇಟ್ಟಿದ್ದೇವೆ, ತೂಗಿ ನೋಡಬೇಕು.